ಆಯಿಲ್ ಕುಡಿಯುವ ಇಂಜಿನ್, ನನ್ನ ಎಕ್ಸ್‌ಟೆಂಡೆಡ್ ವಾರಂಟಿ: ಐದಕ್ಕೆ ಮೂರು ಸ್ಟಾರ್

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಆ ಮೂರೂ ಇಂಜಿನ್ ಬಿಚ್ಚಿ ಜೋಡಿಸಿದ ಕೈಗಳಿಗೆ ಸೇರಿದ್ದು. ಉಳಿದ ಎರಡನ್ನು ಕಳೆದಿದ್ದು ಇಂಜಿನ್ ಎಷ್ಟರವರೆಗೆ ಆಯಿಲ್ ಸುಟ್ಟರೆ ಸಹಜ ಎಂದು ಹೇಳುವ, ವಾರಂಟಿ ಪುಸ್ತಕದಲ್ಲಿರುವ ಒಂದೇ ಒಂದು ಸಾಲಿಗಾಗಿ, ಮತ್ತು ಆ ಸಾಲನ್ನು ಅವರು ಅಳೆಯುವ ರೀತಿಗಾಗಿ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಹೊಸದಾಗಿಯೇ ಕೊಂಡಿದ್ದು. ಕಂಪನಿಯ ವಾರಂಟಿ 3 ವರ್ಷ, ಅದರ ಮೇಲೆ ನಾನು ದುಡ್ಡು ಕೊಟ್ಟು ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿ 2 ವರ್ಷ. ತೊಂದರೆ ಗೊತ್ತಾಗಿದ್ದು ನಾಲ್ಕು ವರ್ಷ ದಾಟಿದ ಮೇಲೆ, ಮೀಟರ್ 62,000 ಕಿ.ಮೀ. ತೋರಿಸುತ್ತಿದ್ದಾಗ. ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ಹೇಳಬೇಕಿರುವ ಆ ಸಾಲು ಬೇರೆ ಬೇರೆ ಕಂಪನಿಗಳ ಪುಸ್ತಕಗಳಲ್ಲೂ ಇದೆ, ಅಂಕಿ ಮಾತ್ರ ಸ್ವಲ್ಪ ಆಚೀಚೆ. ನಿಮ್ಮ ಪುಸ್ತಕವನ್ನೂ ತೆಗೆದು ನೋಡಿ, ಇರಬಹುದು.

ವೈಪರ್ ನೀರು ಹಾಕಲೆಂದು ಬಾನೆಟ್ ಎತ್ತಿದ್ದೆ. ಹೇಗೂ ಎತ್ತಿದ್ದೇನಲ್ಲ ಎಂದು ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದರೆ ತುದಿ ಮಾತ್ರ ಒದ್ದೆ. ಕನಿಷ್ಠ ಮಟ್ಟ ತೋರಿಸುವ ಮಿನ್ ಗೆರೆ ಒಣಗಿ ಹೊಳೆಯುತ್ತಿತ್ತು. ಸರ್ವಿಸ್ ಆಗಿ ಆಗ ಬರೀ 2,100 ಕಿ.ಮೀ. ಆಗಿತ್ತು. ಕೆಳಗೆ ಬಗ್ಗಿ ನೋಡಿದೆ, ಒಂದು ಹನಿ ಸೋರಿಕೆಯಿಲ್ಲ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದಿದ್ದನ್ನು ಯಾವತ್ತೂ ನೋಡಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ. ಮ್ಯಾಕ್ಸ್ ಗೆರೆಗೆ ಬರಲು 1.1 ಲೀಟರ್ ಹಾಕಬೇಕಾಯಿತು.

ಇಲ್ಲಿ ಒಂದು ಮಾತು, ಯಾಕೆಂದರೆ ನಾನೂ ಅದುವರೆಗೆ ಹಾಗೇ ತಿಳಿದಿದ್ದೆ. ಆ ಕೆಂಪು ಆಯಿಲ್ ಡಬ್ಬಿಯ ದೀಪ ಎಷ್ಟು ಆಯಿಲ್ ಇದೆ ಎಂದು ಹೇಳುವುದಲ್ಲ, ಆಯಿಲ್‌ನ ಒತ್ತಡ ಬಿದ್ದಿದೆ ಎಂದು ಹೇಳುವುದು. ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಿಗುತ್ತಿರುವಷ್ಟು ಕಾಲ ಒತ್ತಡ ಬೀಳುವುದಿಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗ್‌ಗಳು ಒಣಗಿ ತಿರುಗಲು ಶುರುವಾಗಿರಬಹುದು. ಮಟ್ಟ ಅಳೆಯುವ ಸೆನ್ಸರ್ ಕೆಲವು ಕಾರುಗಳಲ್ಲಿ ಬೇರೆಯಾಗಿಯೇ ಇರುತ್ತದೆ. ನನ್ನದರಲ್ಲಿ ಇಲ್ಲ. ಆವತ್ತು ವೈಪರ್ ನೀರು ಮುಗಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ.

ನಾನು ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಹದಿನೇಳು ವರ್ಷದಿಂದ ಬ್ಯೂರೆಟ್ ತುಂಬುವುದು, ತೂಕ ಹಾಕುವುದು, ಬರೆದಿಡುವುದು. ಅಳತೆ ಎಂದರೆ ನನಗೆ ಸುಮ್ಮನೆ ಬಿಟ್ಟುಬಿಡುವ ವಿಷಯ ಅಲ್ಲ. ಆವತ್ತಿನಿಂದಲೇ ಒಂದು ನೋಟ್‌ಬುಕ್ ಕಾರಿನಲ್ಲಿಟ್ಟೆ. ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಅದೇ ಜಾಗದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ ಎರಡು ಸಲ ನೋಡಿ, ಕಿ.ಮೀ. ಮತ್ತು ಮಟ್ಟ ಬರೆಯುತ್ತಾ ಹೋದೆ. ಹಾಕಿದ ಆಯಿಲ್‌ನ ಬಿಲ್ಲುಗಳನ್ನೂ ಅದರಲ್ಲೇ ಅಂಟಿಸಿದೆ. ಮುಂದೆ ನನ್ನನ್ನು ಉಳಿಸಿದ್ದು ಆ ನೋಟ್‌ಬುಕ್.

ಮೊದಲ ಸಲ ಸರ್ವಿಸ್ ಸೆಂಟರಿಗೆ ಹೋದಾಗ ಅಡ್ವೈಸರ್ ಒಳ್ಳೆಯ ಮಾತಿನಲ್ಲೇ "ಇದು ನಾರ್ಮಲ್, ಎಲ್ಲ ಇಂಜಿನ್ನೂ ಸ್ವಲ್ಪ ಆಯಿಲ್ ತಿನ್ನುತ್ತದೆ" ಎಂದರು. ಅದು ಸುಳ್ಳಲ್ಲ. ಸಿಲಿಂಡರ್ ಗೋಡೆಗೆ ಆಯಿಲ್‌ನ ತೆಳು ಪದರ ಇರಲೇಬೇಕು, ಅದರಲ್ಲಿ ಒಂದಿಷ್ಟು ಉರಿದುಹೋಗುತ್ತದೆ. ಎಷ್ಟು ಎಂಬುದೇ ಪ್ರಶ್ನೆ. ಪುಸ್ತಕದಲ್ಲಿ ಆ ಸಾಲು ಹೀಗಿದೆ: 1,000 ಕಿ.ಮೀ.ಗೆ 0.5 ಲೀಟರ್‌ವರೆಗಿನ ಬಳಕೆ ಸಹಜ, ಅದಕ್ಕೆ ವಾರಂಟಿ ಅನ್ವಯಿಸುವುದಿಲ್ಲ.

ಈ ಅಂಕಿಯನ್ನು ಅದೇ ಪುಸ್ತಕದ ಬೇರೆ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿ. ಸರ್ವಿಸ್ ಅವಧಿ 10,000 ಕಿ.ಮೀ. ಇಂಜಿನ್ ಹಿಡಿಯುವ ಆಯಿಲ್ 4.2 ಲೀಟರ್. ಸಾವಿರಕ್ಕೆ ಅರ್ಧ ಲೀಟರ್ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ 5 ಲೀಟರ್. ಅಂದರೆ ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಇಂಜಿನ್ ತನ್ನಲ್ಲಿರುವ ಅಷ್ಟೂ ಆಯಿಲ್ ಸುಟ್ಟು, ಮೇಲೆ ಇನ್ನೂ 0.8 ಲೀಟರ್ ಕೇಳಿದರೂ ಅದು ಸಹಜ! ನಡುವೆ ಆಯಿಲ್ ನೋಡಲು ಬನ್ನಿ ಎಂದು ಸರ್ವಿಸ್ ವೇಳಾಪಟ್ಟಿಯಲ್ಲಿ ಎಲ್ಲೂ ಇಲ್ಲ. ಟಾಪ್ ಅಪ್ ಮಾಡುವ, ಅಂದರೆ ಕಡಿಮೆಯಾದಷ್ಟು ತುಂಬುವ ಆಯಿಲ್‌ನ ಖರ್ಚು ಗ್ರಾಹಕರದ್ದು ಎಂದು ಮಾತ್ರ ದಪ್ಪ ಅಕ್ಷರದಲ್ಲಿದೆ. ಈ ಲೆಕ್ಕವನ್ನು ಜಾಬ್ ಕಾರ್ಡಿನ (ಕಾರಿನ ತೊಂದರೆ, ಮಾಡುವ ಕೆಲಸ ಬರೆದುಕೊಳ್ಳುವ ಕಾಗದ) ಹಿಂಬದಿಯಲ್ಲೇ ಬರೆದು ಅಡ್ವೈಸರ್ ಮುಂದೆ ಇಟ್ಟೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಮೇಲಿನಿಂದ ಬಂದಿರುವ ಅಂಕಿ, ನಮ್ಮ ಕೈಯಲ್ಲಿಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಂಕಿ ಬರೆದವರ ಮೇಲಿದೆ.

ಆವತ್ತು ನಾನು ಮಾಡಿದ ಒಂದು ಕೆಲಸ ಮುಂದೆ ದೊಡ್ಡದಾಯಿತು. ಜಾಬ್ ಕಾರ್ಡಿನಲ್ಲಿ ಅವರು "ಆಯಿಲ್ ಕಡಿಮೆ, ಟಾಪ್ ಅಪ್ ಮಾಡಲಾಗಿದೆ" ಎಂದು ಟೈಪ್ ಮಾಡಿದ್ದರು. ನಾನು ಸಹಿ ಹಾಕಲಿಲ್ಲ. "ಅತಿಯಾದ ಆಯಿಲ್ ಬಳಕೆ ಎಂದು ಗ್ರಾಹಕರ ದೂರು" ಎಂದೇ ಬರೆಯಬೇಕು, ಜೊತೆಗೆ ದೂರಿನ ನಂಬರ್ ಬೇಕು ಎಂದು ನಿಂತೆ. ಇಪ್ಪತ್ತು ನಿಮಿಷ ಕಾಯಿಸಿದರು, ಆದರೆ ಬರೆದುಕೊಟ್ಟರು. ಟಾಪ್ ಅಪ್ ಎಂದರೆ ಅದು ಸೇವೆ, ಅಲ್ಲಿಗೇ ಮುಗಿಯಿತು. ದೂರು ಎಂದರೆ ಅದಕ್ಕೊಂದು ತಾರೀಖು ಇರುತ್ತದೆ, ಬಗೆಹರಿಯುವವರೆಗೆ ತೆರೆದೇ ಇರುತ್ತದೆ.

ಆಮೇಲೆ ಆಯಿಲ್ ಬಳಕೆ ಪರೀಕ್ಷೆ. ಹಳೆಯ ಆಯಿಲ್ ಇಳಿಸಿ ಹೊಸ ಫಿಲ್ಟರ್ ಹಾಕಿ, ಮ್ಯಾಕ್ಸ್‌ವರೆಗೆ ಹೊಸ ಆಯಿಲ್ ತುಂಬುತ್ತಾರೆ. ಡಿಪ್‌ಸ್ಟಿಕ್, ಆಯಿಲ್ ಹಾಕುವ ಮುಚ್ಚಳ, ಡ್ರೈನ್ ಬೋಲ್ಟ್, ಫಿಲ್ಟರ್ ಎಲ್ಲಕ್ಕೂ ಹಳದಿ ಬಣ್ಣದ ಗುರುತು ಹಾಕಿ ಸೀಲ್ ಮಾಡುತ್ತಾರೆ. ನೀವು ಮಾಮೂಲಿನಂತೆ ಓಡಿಸಿ 1,000 ಕಿ.ಮೀ. ಆದಮೇಲೆ ಬರಬೇಕು, ನಡುವೆ ಮುಟ್ಟುವಂತಿಲ್ಲ. ವಿಧಾನ ಒಳ್ಳೆಯದೇ. ಅಳೆದ ರೀತಿ ಮಾತ್ರ ಒಳ್ಳೆಯದಾಗಿರಲಿಲ್ಲ.

ಮೊದಲ ಪರೀಕ್ಷೆಯನ್ನು ಬರೀ ಡಿಪ್‌ಸ್ಟಿಕ್ ಕಣ್ಣಳತೆಯಲ್ಲಿ ಮುಗಿಸಿದರು. ಫಲಿತಾಂಶ "ಸುಮಾರು 480 ಮಿ.ಲೀ., ಮಿತಿಯೊಳಗೆ." ತುಂಬುವಾಗ ಕಾರು ನಿಂತಿದ್ದು ಒಳಗಿನ ಲಿಫ್ಟ್ ಮೇಲೆ. ನೋಡುವಾಗ ನಿಂತಿದ್ದು ಹೊರಗೆ, ಮಳೆನೀರು ಹರಿದುಹೋಗಲಿ ಎಂದು ಇಳಿಜಾರು ಕೊಟ್ಟ ನೆಲದಲ್ಲಿ. ಇಂಜಿನ್ ಆಫ್ ಮಾಡಿ ಎರಡು ನಿಮಿಷವೂ ಆಗಿರಲಿಲ್ಲ. ನನ್ನ ಡಿಪ್‌ಸ್ಟಿಕ್ಕಿನಲ್ಲಿ ಮಿನ್‌ನಿಂದ ಮ್ಯಾಕ್ಸ್‌ಗೆ ಸ್ಕೇಲ್ ಇಟ್ಟು ಅಳೆದರೆ 30 ಮಿ.ಮೀ., ಅಷ್ಟರ ನಡುವೆ ಸುಮಾರು 1 ಲೀಟರ್. ಒಂದೊಂದು ಮಿಲಿಮೀಟರಿಗೂ 33 ಮಿ.ಲೀ. ನೆಲ ಓರೆಯಾಗಿ 5 ಮಿ.ಮೀ. ಹೆಚ್ಚುಕಡಿಮೆಯಾದರೆ 165 ಮಿ.ಲೀ. ಆಯಿಲ್ ಕಾಗದದಲ್ಲಿ ಹುಟ್ಟುತ್ತದೆ ಇಲ್ಲವೇ ಮಾಯವಾಗುತ್ತದೆ. ಮಿತಿ 500, ಅವರ ಓದು 480, ತಪ್ಪುವ ಸಾಧ್ಯತೆ 165. ನಮ್ಮ ಪ್ರಯೋಗಾಲಯದಲ್ಲಿ ಮೊದಲ ವರ್ಷದ ಹುಡುಗರು ಹೀಗೆ ಬರೆದು ತಂದರೆ ಮತ್ತೊಮ್ಮೆ ಮಾಡಿಸುತ್ತೇವೆ.

ಆಯಿಲ್ಲನ್ನು ತೂಕ ಹಾಕಿ ಅಳೆಯಿರಿ ಎಂದು ಕೇಳಿದೆ. ಅದು ನಮ್ಮ ಪದ್ಧತಿಯಲ್ಲಿಲ್ಲ ಎಂದರು. ಇಮೇಲ್ ಬರೆದೆ, ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಹೀಗೆ ಆರು ತಿಂಗಳು. ಅಷ್ಟರಲ್ಲಿ ನೋಟ್‌ಬುಕ್ಕಿನ ಅಂಕಿಗಳು ಮೆಲ್ಲಗೆ ಏರುತ್ತಿದ್ದವು, ಐದನೇ ವರ್ಷವೂ ಮುಗಿಯಿತು.

ಈ ನಡುವೆ ನನ್ನನ್ನು ದಾರಿ ತಪ್ಪಿಸಿದ ಒಂದು ಸಂಗತಿ ಇದೆ. ಎರಡು ವಾರ ಬರೀ ಹತ್ತಿರದ ಓಡಾಟ ಇತ್ತು, ಇಂಜಿನ್ ಪೂರ್ತಿ ಬಿಸಿಯಾಗುವುದರೊಳಗೆ ಆಫ್. ಆಗ ಡಿಪ್‌ಸ್ಟಿಕ್ ಮಟ್ಟ ಇಳಿಯಲೇ ಇಲ್ಲ. ಸರಿಹೋಯಿತೇನೋ ಎಂದುಕೊಂಡೆ. ಮೂಗಿಗೆ ಹಿಡಿದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ತಣ್ಣನೆಯ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಸುಟ್ಟುಹೋದ ಆಯಿಲ್‌ನ ಜಾಗವನ್ನು ಅದು ತುಂಬಿತ್ತು. ಮುಂದಿನ ವಾರ ಒಂದೇ ದೂರದ ಪ್ರಯಾಣಕ್ಕೆ ಪೆಟ್ರೋಲ್ ಆವಿಯಾಗಿ ಹೋಗಿ ಮಟ್ಟ ದಢಕ್ಕನೆ ಕುಸಿಯಿತು. ಪರೀಕ್ಷೆಯ ಸಾವಿರ ಕಿ.ಮೀ.ಯನ್ನು ಬರೀ ಗಲ್ಲಿ ಓಡಾಟದಲ್ಲಿ ಮುಗಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಎರಡನೇ ಪರೀಕ್ಷೆಗೆ ಕರೆ ಬಂದಾಗ ವಾರಂಟಿ ಮುಗಿದು ಹದಿನಾಲ್ಕು ದಿನ. ಕೌಂಟರಿನಲ್ಲಿ ಹೊಸಬರು ಇದ್ದರು, ಸ್ಕ್ರೀನ್ ನೋಡಿ "ಅವಧಿ ಮುಗಿದಿದೆ" ಎಂದುಬಿಟ್ಟರು. ಹಳೆಯ ಜಾಬ್ ಕಾರ್ಡ್ ತೆಗೆದಿಟ್ಟೆ. ದೂರಿನ ನಂಬರ್, ತಾರೀಖು, ಇನ್ನೂ ಮುಚ್ಚದ ದೂರು. ಎಂಟು ದಿನ ಬೇಕಾಯಿತು, ಆದರೆ ದೂರು ಅವಧಿಯೊಳಗೆ ದಾಖಲಾಗಿರುವುದರಿಂದ ಪರಿಗಣಿಸುತ್ತೇವೆ ಎಂಬ ಪತ್ರ ಬಂತು. ಟಾಪ್ ಅಪ್ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದ್ದರೆ ಈ ವಿಮರ್ಶೆ ಬೇರೆಯೇ ಆಗಿರುತ್ತಿತ್ತು.

ಈ ಸಲ ತೂಕಕ್ಕೂ ಒಪ್ಪಿದರು. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಒಬ್ಬರು ಮುತುವರ್ಜಿ ವಹಿಸಿದರು. ಹಳೆಯ ಆಯಿಲ್ 20 ನಿಮಿಷ ಸುರಿಯಲು ಬಿಟ್ಟರು. ಹೊಸ ಫಿಲ್ಟರನ್ನು ಒಣಗಿರುವಾಗಲೇ ತೂಗಿದರು. ಆಯಿಲ್ 3,570 ಗ್ರಾಂ ತುಂಬಿದರು. ಇಂಜಿನ್ ಆಯಿಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 850 ಗ್ರಾಂ, ಹಾಗಾಗಿ ಅದು 4.2 ಲೀಟರ್. 1,240 ಕಿ.ಮೀ. ಓಡಿಸಿ ತಂದೆ. ಸೀಲ್‌ಗಳನ್ನು ನಾವಿಬ್ಬರೂ ಕೂತು ನೋಡಿದೆವು. ಮತ್ತೆ ಅದೇ 20 ನಿಮಿಷ. ಕೊನೆಗೆ ದಾರದಂತೆ ಸುರಿಯುತ್ತಿದ್ದುದು ಹನಿಯಾಗಿ, ಹನಿಗೂ ಹನಿಗೂ ನಡುವೆ ಉಸಿರು ಹಿಡಿದು ಕಾಯುವಷ್ಟು ಹೊತ್ತಾಯಿತು. ಇಳಿದ ಆಯಿಲ್, ಫಿಲ್ಟರಿನೊಳಗೆ ಉಳಿದ ಆಯಿಲ್ ಎರಡೂ ಸೇರಿ 2,930 ಗ್ರಾಂ. ಹೋಗಿದ್ದು 640 ಗ್ರಾಂ, ಅಂದರೆ ಸುಮಾರು 750 ಮಿ.ಲೀ. ಸಾವಿರ ಕಿ.ಮೀ.ಗೆ ಲೆಕ್ಕ ಹಾಕಿದರೆ 600 ದಾಟಿತು. ಮೆಕ್ಯಾನಿಕ್ ಮೂರು ಸಲ ಕ್ಯಾಲ್ಕ್ಯುಲೇಟರ್ ಒತ್ತಿದರು. ಆಮೇಲೆ ತಾವೇ ಜಾಬ್ ಕಾರ್ಡಿನಲ್ಲಿ "ಮಿತಿ ಮೀರಿದೆ" ಎಂದು ಬರೆದು ಸಹಿ ಹಾಕಿದರು.

ಅಲ್ಲಿಗೂ ಮುಗಿಯಲಿಲ್ಲ. ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಸಿಲಿಂಡರಿನೊಳಗೆ ಒತ್ತಡ ಎಷ್ಟು ನಿಲ್ಲುತ್ತದೆ ಎಂದು ನೋಡಿ, ನಾಲ್ಕೂ ಸಿಲಿಂಡರಿನಲ್ಲಿ ಸರಿಯಾಗಿದೆ, ರಿಂಗ್ ಕೆಟ್ಟಿಲ್ಲ ಎಂಬ ವಾದ ಬಂತು. ಬಹಳ ಜನರ ಕ್ಲೈಮ್ ಬಿದ್ದುಹೋಗುವುದು ಇಲ್ಲೇ ಎಂದು ನನ್ನ ಅನಿಸಿಕೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್‌ಗೆ ಸಾಮಾನ್ಯವಾಗಿ ಮೂರು ರಿಂಗ್. ಕಂಪ್ರೆಷನ್ ಹಿಡಿಯುವ ಕೆಲಸ ಮುಖ್ಯವಾಗಿ ಮೇಲಿನ ಎರಡರದ್ದು. ಮೂರನೆಯದು ಆಯಿಲ್ ರಿಂಗ್, ಗೋಡೆಯ ಮೇಲಿನ ಹೆಚ್ಚಿನ ಆಯಿಲ್ ಕೆರೆದು ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಕೆಳಕ್ಕೆ ಕಳಿಸುವುದು. ಮೈಲೇಜ್ ಹೆಚ್ಚಲಿ ಎಂದು ಈಗಿನ ಇಂಜಿನ್‌ಗಳಲ್ಲಿ ರಿಂಗಿನ ಬಿಗಿತ ಕಡಿಮೆ ಮಾಡಿರುತ್ತಾರೆ, ಆಯಿಲ್ಲೂ ನೀರಿನಂತೆ ತೆಳು. ಆ ತೂತುಗಳಲ್ಲಿ ಆಯಿಲ್ ಕರಕಲಾಗಿ ಕೂತರೆ ಆಯಿಲ್ ರಿಂಗ್ ತಾನು ಕೂತಿರುವ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಮೇಲಿನ ಎರಡು ರಿಂಗ್ ಚೆನ್ನಾಗಿಯೇ ಇರುವುದರಿಂದ ಕಂಪ್ರೆಷನ್ ಬೀಳುವುದಿಲ್ಲ, ಎಳೆತವೂ ಕಡಿಮೆಯಾಗುವುದಿಲ್ಲ, ಆಯಿಲ್ ಮಾತ್ರ ಮೇಲಕ್ಕೆ ಹೋಗಿ ಉರಿಯುತ್ತಿರುತ್ತದೆ. ಕಂಪ್ರೆಷನ್ ಸರಿಯಿದೆ ಎಂಬ ಕಾಗದ ಇದಕ್ಕೆ ಉತ್ತರವೇ ಅಲ್ಲ. ಸ್ಪಾರ್ಕ್ ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ನೋಡಿ ಎಂದು ಕೇಳಿ. ನನ್ನದರಲ್ಲಿ ಪಿಸ್ಟನ್ನಿನ ನಡುಭಾಗ ಮಸಿ, ಅಂಚಿನ ಸುತ್ತ ತೊಳೆದಂತೆ ಬೆಳ್ಳಗೆ. ಆಯಿಲ್ ಅಂಚಿನಿಂದ ಏರಿ ತೊಳೆದ ಗುರುತು ಅದು.

ಇಂಜಿನ್ ಇಳಿಸಿದ ದಿನ ಮೆಕ್ಯಾನಿಕ್ ಫೋನ್ ಮಾಡಿ ಕರೆದರು. ಮೂರನೇ ಪಿಸ್ಟನ್ ಕೈಗೆ ಕೊಟ್ಟರು. ಮೇಲಿನ ರಿಂಗ್‌ಗಳು ಬೆರಳಿಗೆ ಸರಾಗ ತಿರುಗಿದವು. ಆಯಿಲ್ ರಿಂಗ್ ಉಗುರು ಹಾಕಿ ತಳ್ಳಿದರೂ ಅಲ್ಲಾಡಲಿಲ್ಲ. ಅದನ್ನು ಕಿತ್ತಮೇಲೆ ಒಳಗಿನ ತೂತುಗಳಿಗೆ ಸಣ್ಣ ತಂತಿ ತೂರಿಸಿ ತೋರಿಸಿದರು. ಎಂಟರಲ್ಲಿ ಆರು ಪೂರ್ತಿ ಮುಚ್ಚಿದ್ದವು. ತಂತಿ ತಿರುವಿದಾಗ ಕಪ್ಪು ಹರಳಿನಂಥದ್ದು ಪುಡಿಯಾಗಿ ಅಂಗೈಗೆ ಬಿತ್ತು. ಇಷ್ಟು ದಿನ "ನಾರ್ಮಲ್" ಎಂದು ಕೇಳಿಕೊಂಡು ಬಂದಿದ್ದು ಇದನ್ನೇ. ನನಗೆ ಅಲ್ಲಿ ಮಾತು ಬರಲಿಲ್ಲ.

ಪಿಸ್ಟನ್ ನಾಲ್ಕೂ, ರಿಂಗ್ ಸೆಟ್, ವಾಲ್ವ್ ಸೀಲ್‌ಗಳು, ಇಂಜಿನ್ನಿನೊಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್, ಗ್ಯಾಸ್ಕೆಟ್‌ಗಳು ಎಲ್ಲ ವಾರಂಟಿಯಲ್ಲೇ ಬದಲಾದವು. ಹನ್ನೊಂದು ದಿನ ಹಿಡಿಯಿತು. ಬದಲಿ ಕಾರು ಕೊಡಲಿಲ್ಲ, ಅದು ನನ್ನ ಪ್ಲಾನಿನಲ್ಲಿ ಇರಲಿಲ್ಲ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು ಎಂದರೆ ಬಿಚ್ಚಿದ ಇಂಜಿನ್ ಎಂದು ಸದ್ದಿನಲ್ಲಿ ಗೊತ್ತೇ ಆಗುವುದಿಲ್ಲ. ಹಳೆಯ ಪಿಸ್ಟನ್‌ಗಳ ಫೋಟೋಗಳನ್ನು ಕೇಳದೆಯೇ ಕಳಿಸಿದರು. ಆ ಮೂರು ಸ್ಟಾರ್ ಇದಕ್ಕೆ.

ಸರ್ವಿಸ್ ದಾಖಲೆಯಲ್ಲೂ ಒಮ್ಮೆ ತಡೆದರು. ಒಂದು ಸರ್ವಿಸ್ 10,000ದ ಬದಲು 11,300 ಕಿ.ಮೀ.ಗೆ ಆಗಿತ್ತು. ಪುಸ್ತಕದಲ್ಲಿ ಎಷ್ಟು ತಡವಾದರೆ ನಡೆಯುತ್ತದೆ ಎಂದು ಕೊಟ್ಟಿದ್ದ ವಿನಾಯಿತಿಯೊಳಗೇ ಅದು ಇದ್ದುದರಿಂದ ಬಿಟ್ಟರು. ಹೊರಗೆ ಆಯಿಲ್ ಬದಲಿಸುವವರು ಬಿಲ್ಲಿನಲ್ಲಿ ಆಯಿಲ್‌ನ ಗ್ರೇಡ್ ಬರೆಸಿಕೊಳ್ಳಿ. ಬರೀ "ಇಂಜಿನ್ ಆಯಿಲ್" ಎಂದಿದ್ದರೆ ತಕರಾರು ಮಾಡುತ್ತಾರೆ.

ಇದು ನನ್ನೊಬ್ಬನ ಇಂಜಿನ್ನಿನ ಹಣೆಬರಹ ಅಲ್ಲ. ಟೊಯೋಟಾದ 2.4 ಲೀಟರಿನ 2ಎಜೆಡ್-ಎಫ್‌ಇ ಇಂಜಿನ್‌ಗೆ ಇದೇ ರೋಗ ಬಂದಾಗ 2011ರಲ್ಲಿ ಕಂಪನಿಯೇ ತನ್ನ ಡೀಲರ್‌ಗಳಿಗೆ ಪಿಸ್ಟನ್ ಮತ್ತು ರಿಂಗ್ ಬದಲಿಸುವ ಸೂಚನೆ ಕಳಿಸಿತು, ಆಮೇಲೆ ಅಮೆರಿಕದಲ್ಲಿ ಆ ದುರಸ್ತಿಗೆ 10 ವರ್ಷ ಅಥವಾ 1,50,000 ಮೈಲಿವರೆಗೆ ವಾರಂಟಿ ವಿಸ್ತರಿಸಿತು. ಅತಿ ಆಯಿಲ್ ಬಳಕೆಗಾಗಿ ಸುಬಾರು ಮೇಲೆ ಗ್ರಾಹಕರು ಒಟ್ಟಾಗಿ ಹೂಡಿದ ದಾವೆ 2016ರಲ್ಲಿ ರಾಜಿಯಾಗಿ, 8 ವರ್ಷ ಅಥವಾ 1,00,000 ಮೈಲಿಯವರೆಗಿನ ರಕ್ಷಣೆ ಸಿಕ್ಕಿತು. ಯುರೋಪಿನಲ್ಲಿ ಪ್ಯೂಜೋ, ಸಿಟ್ರೊಯೆನ್ ಕಾರುಗಳ ಕಂಪನಿ ಸ್ಟೆಲಾಂಟಿಸ್ ತನ್ನ 1.2 ಪ್ಯೂರ್‌ಟೆಕ್ ಇಂಜಿನ್‌ಗಳ ಟೈಮಿಂಗ್ ಬೆಲ್ಟ್ ಮತ್ತು ಅತಿ ಆಯಿಲ್ ಬಳಕೆಗೆ 2024ರಲ್ಲಿ 10 ವರ್ಷ ಅಥವಾ 1,75,000 ಕಿ.ಮೀ. ವಾರಂಟಿ ಎಂದು ಘೋಷಿಸಿತು, ಸರ್ವಿಸ್ ಸರಿಯಾಗಿ ಮಾಡಿಸಿರಬೇಕೆಂಬ ಷರತ್ತಿನೊಂದಿಗೆ. ಬರೆದಿಟ್ಟ ದೂರುಗಳು ಸಾವಿರಗಟ್ಟಲೆ ಸೇರದೆ ಇಂಥ ವಿಸ್ತರಣೆ ಬರುವುದಿಲ್ಲ. ನಿಮ್ಮ ಇಂಜಿನ್‌ಗೂ ಇಂಥದ್ದೇನಾದರೂ ಇದೆಯೇ ಎಂದು ಚಾಸಿ ನಂಬರ್ ಕೊಟ್ಟು ಕೇಳಿ ನೋಡಿ. ತಾವಾಗಿಯೇ ಹೇಳುವುದು ಕಡಿಮೆ.

ಇದೇ ಪ್ಲಾನ್ ಮತ್ತೆ ಕೊಳ್ಳುತ್ತೀರಾ ಎಂದರೆ, ಕೊಳ್ಳುತ್ತೇನೆ. ಆದರೆ ಸಹಿ ಹಾಕುವ ಮುಂಚೆ ವರ್ಷ ಎಷ್ಟು ಎಂದು ಕೇಳುವುದಿಲ್ಲ, ಸಾವಿರ ಕಿ.ಮೀ.ಗೆ ಎಷ್ಟು ಮಿ.ಲೀ., ಯಾರು ಅಳೆಯುತ್ತಾರೆ, ಯಾವುದರಲ್ಲಿ ಅಳೆಯುತ್ತಾರೆ ಎಂದು ಕೇಳುತ್ತೇನೆ. ಪಿಸ್ಟನ್ ರಿಂಗನ್ನು "ಸವೆಯುವ ಭಾಗ" ಎಂದು ಹೊರಗಿಟ್ಟಿದ್ದರೆ ಆ ಪ್ಲಾನೇ ಬೇಡ. ಕಂಪ್ರೆಷನ್ ಬಿದ್ದರೆ ಮಾತ್ರ ಕ್ಲೈಮ್ ಎಂದಿದ್ದರೂ ಬೇಡ.

ದುರಸ್ತಿಯಾಗಿ ಈಗ 6,000 ಕಿ.ಮೀ. ದಾಟಿದೆ. ಕಳೆದ ಭಾನುವಾರದ ಓದು ಮ್ಯಾಕ್ಸ್‌ಗಿಂತ 3 ಮಿ.ಮೀ. ಕೆಳಗೆ, ಅಂದರೆ ಸುಮಾರು 100 ಮಿ.ಲೀ. ಮೊದಲು ಎರಡು ಭಾನುವಾರಕ್ಕೇ ಅಷ್ಟು ಇಳಿಯುತ್ತಿತ್ತು.

ಒಂದು ವಿಷಯ ಬಾಕಿ ಇದೆ. ಆಯಿಲ್‌ನಲ್ಲಿ ಸವೆತ ತಡೆಯಲೆಂದು ಸತು ಮತ್ತು ರಂಜಕದ ಸಂಯುಕ್ತ ಸೇರಿಸಿರುತ್ತಾರೆ. ಆಯಿಲ್ ಉರಿದಾಗ ಆ ರಂಜಕ, ಇಂಜಿನ್ನಿನ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ಮೆಲ್ಲಗೆ ಕೊಲ್ಲುತ್ತದೆ. ಹತ್ತು ಸಾವಿರ ಕಿ.ಮೀ.ವರೆಗೆ ಅಷ್ಟೊಂದು ಆಯಿಲ್ ಉರಿದಿದೆ, ಕನ್ವರ್ಟರ್ ಪರೀಕ್ಷಿಸಿ, ಮುಂದೆ ಕೆಟ್ಟರೆ ಇದೇ ದೂರಿನಡಿ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಡಿ ಎಂದು ಕೇಳಿದ್ದೇನೆ. ಸ್ಪಾರ್ಕ್ ಪ್ಲಗ್‌ಗಳ ದುಡ್ಡು ನನ್ನಿಂದಲೇ ತೆಗೆದುಕೊಂಡರು, ಅದಕ್ಕೂ ಬರೆದಿದ್ದೇನೆ. ಪತ್ರ ಕೊಟ್ಟು ಇಪ್ಪತ್ತಾರು ದಿನವಾಯಿತು. ಉತ್ತರ ಬಂದ ಮೇಲೆ ಇಲ್ಲೇ ಕೆಳಗೆ ಸೇರಿಸುತ್ತೇನೆ, ಸ್ಟಾರ್ ಬದಲಿಸಬೇಕಾದರೆ ಆಗಲೇ ಬದಲಿಸುತ್ತೇನೆ.